ಕ್ಯಾಂಪಿನೊಳಗೆ ಕೊಲೆಯಾದರೆ ಪರೀಕ್ಷೆ ಮಾಡುವುದು ಮಿಲಿಟರಿ ಲ್ಯಾಬೇ?

ಪ್ರಶ್ನೆ: ನಮ್ಮ ಮನಿ ಬೀದರ್‌ದಾಗ ಏರ್‌ಫೋರ್ಸ್ ಕಾಂಪೌಂಡಿನ ಮಗ್ಗಲಿಗೇ ಅದ. ಅಮೆರಿಕದಾಗ ಮಿಲಿಟರಿಗೇ ಬ್ಯಾರೆ ಫೊರೆನ್ಸಿಕ್ ಲ್ಯಾಬ್ ಇರ್ತದಂತ ಕೇಳೀನಿ. ಇಲ್ಲಿ ಒಳಗ ಕೊಲೆ ಆದ್ರ ರಕ್ತದ ಬಟ್ಟಿ, ಗುಂಡು ಎಲ್ಲಿಗಿ ಹೋಗ್ತಾವ? ಕೊಲೆ ಮಾಡಿದವ ಯಾರಂತ ಲ್ಯಾಬಿನವರೇ ಹೇಳ್ತಾರೇನು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಹೇಳುವುದಿಲ್ಲ. ಮಿಲಿಟರಿಯದಿರಲಿ, ಪೊಲೀಸರದಿರಲಿ, ಲ್ಯಾಬ್ ಉತ್ತರಿಸುವುದು ತನಿಖಾಧಿಕಾರಿ ಪತ್ರದಲ್ಲಿ ಬರೆದು ಕೇಳಿದ ಪ್ರಶ್ನೆಗೆ. ‘ಬನಿಯನ್ ಮೇಲಿರುವುದು ಮನುಷ್ಯನ ರಕ್ತವೇ, ಯಾರದು?’ ಎಂದು ಕೇಳಿದರೆ ಅಷ್ಟಕ್ಕೇ ವರದಿ. ಆ ರಕ್ತ ಸಿಡಿದದ್ದೋ ಒರೆಸಿದ್ದೋ ಎಂಬುದು ಕೇಸಿನ ಜೀವಾಳವಾಗಿದ್ದರೂ, ಕೇಳದೆ ಹೋದರೆ ವರದಿಯಲ್ಲಿ ಅದರ ಸೊಲ್ಲು ಇಲ್ಲದಿರಬಹುದು.

ಅಮೆರಿಕದ ಮಾತು ನಿಜ. ಅಲ್ಲಿನ ಸೇನೆಯ ಅಪರಾಧ ತನಿಖಾ ಲ್ಯಾಬ್ ಜಾರ್ಜಿಯಾದಲ್ಲಿ, ಹಿಂದೆ ಫೋರ್ಟ್ ಗಿಲ್ಲೆಮ್ ಎಂಬ ಸೇನಾ ನೆಲೆಯಿದ್ದ ಜಾಗದಲ್ಲಿದೆ. ಭೂಸೇನೆಯದಷ್ಟೇ ಅಲ್ಲ, ನೌಕಾಪಡೆ, ವಾಯುಪಡೆಗಳ ಕೇಸುಗಳೂ ಅಲ್ಲಿಗೇ ಬರುತ್ತವೆ. ಡಿಎನ್‌ಎ, ಬೆರಳಚ್ಚು, ಬಂದೂಕು, ನೂಲು-ಕೂದಲು ಎಲ್ಲಕ್ಕೂ ಪ್ರತ್ಯೇಕ ವಿಭಾಗ. ಶವಪರೀಕ್ಷೆ ಮಾತ್ರ ಅಲ್ಲಿಲ್ಲ. ಅದು ಡೆಲವೇರ್‌ನ ಡೋವರ್‌ನಲ್ಲಿರುವ ಸೇನಾ ವೈದ್ಯಾಧಿಕಾರಿಗಳ ಕೆಲಸ.

ಬೀದರ್‌ನಲ್ಲಿ ಹಾಗಲ್ಲ. ವಾಯುಪಡೆ ಕಾಯ್ದೆ 1950ರ 72ನೇ ಸೆಕ್ಷನ್ ಪ್ರಕಾರ, ಸತ್ತವರು ಸೇನಾ ಕಾನೂನಿಗೆ ಒಳಪಡದವರಾಗಿದ್ದರೆ ಆ ಕೊಲೆಯನ್ನು ಕೋರ್ಟ್ ಮಾರ್ಷಲ್, ಅಂದರೆ ಸೇನೆಯದೇ ನ್ಯಾಯಾಲಯ, ವಿಚಾರಿಸುವಂತಿಲ್ಲ. ಹಾಲು ಹಾಕಲು ಬಂದವನಿರಬಹುದು, ಗುತ್ತಿಗೆ ಕೂಲಿಯಿರಬಹುದು, ಕ್ವಾರ್ಟರ್ಸ್‌ನಲ್ಲಿರುವ ಹೆಂಡತಿಯೂ ಇರಬಹುದು. ಯುದ್ಧಸೇವೆಯಲ್ಲಿದ್ದಾಗ, ವಿದೇಶದಲ್ಲಿದ್ದಾಗ, ಗಡಿ ಠಾಣೆಯಲ್ಲಿದ್ದಾಗ ಮಾತ್ರ ವಿನಾಯಿತಿ. ಕೊಂದವನೂ ಸತ್ತವನೂ ಇಬ್ಬರೂ ವಾಯುಪಡೆಯವರಾದರೆ ಯಾವ ಕೋರ್ಟು ಎಂಬುದನ್ನು 124ನೇ ಸೆಕ್ಷನ್ನಿನಂತೆ ಅಧಿಕಾರಿಗಳು ನಿರ್ಧರಿಸುತ್ತಾರೆ. ಕ್ರಿಮಿನಲ್ ಕೋರ್ಟು ಅದಕ್ಕೆ ಒಪ್ಪದಿದ್ದರೆ ಕೇಂದ್ರ ಸರ್ಕಾರದ ಮಾತೇ ಕೊನೆ. ಪೊಲೀಸ್ ತನಿಖೆಯಾದರೆ ಪಂಚನಾಮೆ ಮಾಡುವವರು ಪೊಲೀಸರು, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಹೋಗುವುದು ನಾಗರಿಕ ಎಫ್‌ಎಸ್‌ಎಲ್‌ಗೆ, ಅಂದರೆ ಸರ್ಕಾರದ ಫೊರೆನ್ಸಿಕ್ ಲ್ಯಾಬಿಗೆ. ಹತ್ತಿರದ್ದು ಕಲಬುರಗಿಯ ಪ್ರಾದೇಶಿಕ ಲ್ಯಾಬ್, ಸುಮಾರು 110 ಕಿ.ಮೀ. ಅಲ್ಲಿ ಆಗದ ಪರೀಕ್ಷೆಗೆ ಬೆಂಗಳೂರಿನ ಮಡಿವಾಳದ ಲ್ಯಾಬ್. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೇ ಬರಬೇಕು; ಯಾವಾಗಿನಿಂದ ಎಂಬುದನ್ನು ಐದು ವರ್ಷದೊಳಗೆ ಆಯಾ ರಾಜ್ಯ ಸರ್ಕಾರ ನಿಗದಿಪಡಿಸಬೇಕು.

ಆ ನಿಯಮ ಏಕೆ ಬೇಕಿತ್ತು ಎಂಬುದಕ್ಕೆ ಅಮೆರಿಕದ ಸೇನೆಯದೇ ಒಂದು ಕೇಸು ಸಾಕು. 1970ರ ಫೆಬ್ರವರಿ 17, ಫೋರ್ಟ್ ಬ್ರ್ಯಾಗ್ ಎಂಬ ಸೇನಾ ನೆಲೆ. ಸೇನಾ ವೈದ್ಯ ಜೆಫ್ರಿ ಮ್ಯಾಕ್‌ಡೊನಾಲ್ಡ್ ಅವರ ಗರ್ಭಿಣಿ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳು ಕೊಲೆಯಾಗಿದ್ದರು. ಹೊರಗಿನವರು ನುಗ್ಗಿ ಕೊಂದರು, ತನ್ನ ಮೇಲೂ ಬಿದ್ದರು ಎಂದು ಆತ ಹೇಳಿದರು. ಆಗ ಡಿಎನ್‌ಎ ಇರಲಿಲ್ಲ, ರಕ್ತದ ಗುಂಪು ಮಾತ್ರ. ಆದರೆ ಆ ಮನೆಯಲ್ಲಿ ನಾಲ್ವರಿಗೆ ನಾಲ್ಕು ಗುಂಪು: ಆತನದು ಬಿ, ಪತ್ನಿಯದು ಎ, ದೊಡ್ಡ ಮಗಳದು ಎಬಿ, ಚಿಕ್ಕವಳದು ಓ. ಯಾವ ಕೋಣೆಯಲ್ಲಿ ಯಾರ ರಕ್ತ ಬಿದ್ದಿದೆ ಎಂದು ಸೇನೆಯ ಲ್ಯಾಬ್ ನಕ್ಷೆಯನ್ನೇ ಬಿಡಿಸಬಹುದಾಯಿತು. ಹೊಡೆದಾಟ ನಡೆಯಿತೆಂದು ಆತ ಹೇಳಿದ ಹಾಲ್‌ನಲ್ಲಿ ಆತನ ರಕ್ತ ಇಲ್ಲವೆನ್ನುವಷ್ಟು ಕಡಿಮೆ. ಹಾಲ್‌ನಲ್ಲೇ ಹರಿಯಿತೆಂದ ಆತನ ಪೈಜಾಮಾ ಅಂಗಿಯ ನೂಲೆಳೆಗಳು ಸಿಕ್ಕಿದ್ದು ಮಲಗುವ ಕೋಣೆಯಲ್ಲಿ, ಪತ್ನಿಯ ಶವದ ಕೆಳಗೆ.

ಲ್ಯಾಬ್ ಹೀಗೆ ಗೆದ್ದರೂ ಸ್ಥಳ ಸೋತಿತ್ತು. ಬಂದವರಲ್ಲಿ ಯಾರೋ ಉರುಳಿದ್ದ ಹೂಕುಂಡ ಎತ್ತಿ ನಿಲ್ಲಿಸಿದರು, ಕಸದ ಬುಟ್ಟಿ ಖಾಲಿಯಾಯಿತು, ಮ್ಯಾಕ್‌ಡೊನಾಲ್ಡ್ ಅವರ ಪರ್ಸು ಕಳುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೇನೆ ಆರೋಪ ಕೈಬಿಟ್ಟಿತು. ಶಿಕ್ಷೆಯಾದದ್ದು 1979ರಲ್ಲಿ, ನಾಗರಿಕ ಕೋರ್ಟಿನಲ್ಲಿ. ಪತ್ನಿಯ ಎಡಗೈಯಲ್ಲಿದ್ದ ತುಂಡು ಕೂದಲು ಹೊರಗಿನವರದ್ದೆಂದು ಅವರ ಕಡೆಯವರು ವರ್ಷಗಟ್ಟಲೆ ವಾದಿಸಿದರು. 2006ರಲ್ಲಿ ಸೇನೆಯ ಡಿಎನ್‌ಎ ಲ್ಯಾಬ್ ಅದು ಮ್ಯಾಕ್‌ಡೊನಾಲ್ಡ್ ಅವರದೇ ಎಂದಿತು. ಯಾರದೆಂದು ಗೊತ್ತಾಗದ ಬೇರೆ ಕೂದಲುಗಳೂ ಇದ್ದವು. ತಾನು ನಿರಪರಾಧಿ ಎಂಬ ಮಾತನ್ನು ಅವರು ಬಿಟ್ಟಿಲ್ಲ.

ಸೇನಾ ಕ್ಯಾಂಪಿನ ಕೇಸಿಗೆ ಅದರದೇ ತೊಡಕುಗಳಿವೆ, ಹೊರಗಿನ ತನಿಖಾಧಿಕಾರಿ ಎಡವುವುದೂ ಅಲ್ಲೇ. ಶವದ ಮೇಲೆ ಸಮವಸ್ತ್ರದ ನೂಲು ಸಿಕ್ಕರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ, ಎಲ್ಲರೂ ಉಡುವುದು ಅದನ್ನೇ. ಬೂಟಿನ ಗುರುತೂ ಹಾಗೆಯೇ. ಹಿಮ್ಮಡಿ ಸವೆದ ರೀತಿ, ಕೊಯ್ದ ಗೀರು ಇದ್ದರಷ್ಟೇ ಉಪಯೋಗ. ಗುಂಡು ಹಾರಿಸಿದ ಕೈಯಲ್ಲಿ ಸೀಸ, ಬೇರಿಯಂ, ಆಂಟಿಮನಿ ಸೇರಿದ ಕಣಗಳು ಉಳಿಯುತ್ತವೆ. ಆದರೆ ಬೆಳಗ್ಗೆ ಫೈರಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡಿದವನ ಕೈಯಲ್ಲೂ ಅವೇ ಇರುತ್ತವೆ. ಕೈ ತೊಳೆದರಂತೂ ಹೋದಂತೆಯೇ. ತೊಳೆಯದಿದ್ದರೂ ನಾಲ್ಕಾರು ಗಂಟೆಯಲ್ಲಿ ಉದುರಿಬಿಡುತ್ತವೆ. ಹಾಗಾಗಿ ಅಲ್ಲಿ ಗಟ್ಟಿ ಸಾಕ್ಷ್ಯವೆಂದರೆ ಆಯುಧ ಕೋಣೆಯ ರಿಜಿಸ್ಟರ್: ಯಾವ ನಂಬರಿನ ರೈಫಲ್ ಯಾರ ಕೈಗೆ ಹೋಗಿತ್ತು, ಎಷ್ಟು ಗುಂಡು ವಾಪಸ್ ಬಂದವು. ಆ ರೈಫಲ್‌ನಿಂದ ಲ್ಯಾಬಿನಲ್ಲಿ ಮತ್ತೆ ಗುಂಡು ಹಾರಿಸಿ, ಗುಂಡಿನ ಖಾಲಿ ಕೋಶದ ತಳದ ಮೇಲೆ ಫೈರಿಂಗ್ ಪಿನ್ ಒತ್ತಿದ ಗುರುತನ್ನು, ಸ್ಥಳದಲ್ಲಿ ಸಿಕ್ಕ ಕೋಶದ ಗುರುತಿನೊಂದಿಗೆ ಸೂಕ್ಷ್ಮದರ್ಶಕದಡಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ನಮ್ಮ ಕಡೆ ಕೆಂಪು ಕಲೆಯೆಲ್ಲ ರಕ್ತವಲ್ಲ. ಬೀದರ್‌ನ ಕೆಂಪು ಮಣ್ಣಿದೆ, ಎಲೆಅಡಿಕೆ ಉಗುಳಿದೆ. ಸ್ಥಳದಲ್ಲಿ ಮಾಡುವ ಮೊದಲ ಪರೀಕ್ಷೆ ಫೀನಾಲ್ಫ್ತಲೀನ್: ಹತ್ತಿಯ ಕಡ್ಡಿಯಿಂದ ಕಲೆ ಒರೆಸಿ, ಒಂದು ಹನಿ ದ್ರಾವಣ ಹಾಕಿ, ಸ್ವಲ್ಪ ಕಾಯಬೇಕು. ಆಮೇಲೆಯೇ ಹೈಡ್ರೋಜನ್ ಪೆರಾಕ್ಸೈಡ್ ಹನಿ. ಪೆರಾಕ್ಸೈಡ್ ಬಿದ್ದ ಕೆಲವೇ ಸೆಕೆಂಡಿನಲ್ಲಿ ಗುಲಾಬಿ ಬಣ್ಣ ಬಂದರೆ ರಕ್ತವಿರಬಹುದು. ಅದಕ್ಕೂ ಮೊದಲೇ ಗುಲಾಬಿಯಾದರೆ ಅದು ತಾಮ್ರದ ಲವಣದಂಥ ಬೇರೇನೋ. ಅವಸರದಲ್ಲಿ ಎರಡೂ ಹನಿ ಒಟ್ಟಿಗೆ ಹಾಕಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಡಿಎನ್‌ಎಗೆ ಬೇಕಾದದ್ದು ತೀರಾ ಕಡಿಮೆ. ಒಂದು ನ್ಯಾನೊಗ್ರಾಂ ಸಾಕು, ಅಂದರೆ ನೂರೈವತ್ತು-ಇನ್ನೂರು ಜೀವಕೋಶ. ಸಾಸಿವೆ ಕಾಳಿನಷ್ಟು ರಕ್ತದ ಕಲೆಯಲ್ಲೇ ಅದಕ್ಕಿಂತ ಹೆಚ್ಚಿರುತ್ತದೆ. ಕೆಡುವುದು ಪ್ಯಾಕಿಂಗ್‌ನಲ್ಲಿ. ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಕಟಕ ರೊಟ್ಟಿ ಮಾತ್ರ ವಾರಗಟ್ಟಲೆ ಕೆಡದೆ ಇರುತ್ತದೆ. ಒದ್ದೆ ಬಟ್ಟೆಯ ಗತಿಯೂ ಬಿಸಿ ರೊಟ್ಟಿಯದೇ. ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೀಪಿನ ಹಿಂಬದಿ ಇಟ್ಟರೆ ಬೂಷ್ಟು ಹಿಡಿದು, ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತಿಂದುಹಾಕುತ್ತವೆ. ಬ್ರೌನ್ ಪೇಪರ್ ಮೇಲೆ ನೆರಳಲ್ಲಿ ಒಣಗಿಸಬೇಕು, ಬಿಸಿಲಲ್ಲಿ ಅಲ್ಲ. ಕಲೆಯ ಮೇಲೆ ಕಲೆ ಕೂರದಂತೆ ನಡುವೆ ಕಾಗದ ಇಟ್ಟು ಮಡಚಿ, ಒಂದೊಂದು ಬಟ್ಟೆಗೆ ಒಂದೊಂದು ಕಾಗದದ ಲಕೋಟೆ. ಮೃತರ ಅಂಗಿ, ಆರೋಪಿಯ ಅಂಗಿ ಒಂದೇ ಗಂಟಿನಲ್ಲಿ ಬಂದರೆ ಆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ.

ವಿಷದ ಶಂಕೆಯಿದ್ದರೆ ಜಠರ, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಸಾಮಾನ್ಯವಾಗಿ ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಇಡುತ್ತಾರೆ. ಬಾಟಲಿ ಮುಕ್ಕಾಲಿಗಿಂತ ಕಡಿಮೆಯೇ ತುಂಬಿರಬೇಕು, ಇಲ್ಲವಾದರೆ ಗ್ಯಾಸಿಗೆ ಮುಚ್ಚಳ ಹಾರುತ್ತದೆ. ಫಾರ್ಮಲಿನ್‌ನಲ್ಲಿ ಹಾಕಿದರೆ ವಿಷ ಪತ್ತೆ ಕಷ್ಟ. ಬಳಸಿದ ಉಪ್ಪುನೀರಿನ ನಮೂನೆಯನ್ನೂ ಬೇರೆ ಬಾಟಲಿಯಲ್ಲಿ ಕಳಿಸಬೇಕು. ಈ ಬಾಟಲಿ ಆಗಾಗ ಮರೆತುಹೋಗುವಂಥದ್ದು.

ಲ್ಯಾಬಿನವರು ಪ್ಯಾಕೆಟ್ ಒಡೆಯುವ ಮೊದಲು ನೋಡುವುದು ಅರಗಿನ ಮೊಹರನ್ನು, ಜೊತೆಗೆ ಕಳಿಸಿದ ಮೊಹರಿನ ನಮೂನೆಗೆ ಅದು ಹೊಂದುತ್ತದೆಯೇ ಎಂದು. ವರದಿಯ ಆರಂಭದಲ್ಲೇ ಈ ಮಾತು ಇರುತ್ತದೆ. ಪ್ರತಿವಾದಿ ವಕೀಲರು ಓದುವುದೂ ಮೊದಲು ಅದನ್ನೇ, ಆಮೇಲೆ ತಾರೀಕು. ಮಾಲು ಜಪ್ತಿಯಾದದ್ದು ತಿಂಗಳ 3ಕ್ಕೆ, ಲ್ಯಾಬಿಗೆ ತಲುಪಿದ್ದು 19ಕ್ಕೆ ಅಂದರೆ ನಡುವಿನ 16 ದಿನ ಅದು ಎಲ್ಲಿತ್ತು, ಬೀಗ ಯಾರ ಕೈಯಲ್ಲಿತ್ತು ಎಂಬುದಕ್ಕೆ ಠಾಣೆಯ ಮುದ್ದೆಮಾಲು ರಿಜಿಸ್ಟರ್‌ನಲ್ಲಿ ಒಂದು ಸಾಲು ಇರಲೇಬೇಕು. ಆ ಸಾಲು ಬರೆಯುವವರು ಲ್ಯಾಬಿನ ವಿಜ್ಞಾನಿಯಲ್ಲ, ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್.