ಪಬ್ ಬಾಗಿಲಲ್ಲಿ ಕಾವಲು, ಪಿಜಿ ಕೋಣೆಗೆ ಪೊಟ್ಟಣ

ಮಂಗಳೂರಿನ ಮೋಜುಕೂಟಗಳ ಬಗ್ಗೆ ಊರು ಗಟ್ಟಿಯಾಗಿ ಜಗಳವಾಡಿದ್ದು ಎರಡು ಸಲ. 2009ರ ಜನವರಿಯಲ್ಲಿ ಪಬ್ ಮೇಲೆ ದಾಳಿಯಾದಾಗ ಒಮ್ಮೆ, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬದ ಪಾರ್ಟಿಯಲ್ಲಿದ್ದವರನ್ನು ಹೊಡೆದಾಗ ಇನ್ನೊಮ್ಮೆ. ಎರಡು ಸಲವೂ ಚರ್ಚೆಯಾದದ್ದು ಹುಡುಗಿಯರ ಬಟ್ಟೆ, ಸಂಸ್ಕೃತಿ, ಪಬ್ ಮುಚ್ಚುವ ಹೊತ್ತು. ಮಾದಕವಸ್ತುವಿನ ಮಾತು ಬಂದರೂ ಅದೇ ವಾದಕ್ಕೆ ಒಗ್ಗರಣೆಯಾಗಿ ಬಂತು. ಯಕ್ಷಗಾನಕ್ಕೂ ಕೋಲಕ್ಕೂ ಬೆಳಗಿನವರೆಗೆ ಕೂರುವ ಜಿಲ್ಲೆಯಲ್ಲಿ ರಾತ್ರಿಯೇ ಅಪರಾಧಿಯಾದದ್ದು ವಿಚಿತ್ರ.

ಗಾಂಜಾ ಇಲ್ಲಿಗೆ ಹೊಸದೇನಲ್ಲ. ಅದು ದೇಶದ ಹಲವೆಡೆ ಪರವಾನಗಿ ಪಡೆದ ಅಂಗಡಿಗಳಲ್ಲೇ ಸಿಗುತ್ತಿತ್ತು. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಆ ಬಾಗಿಲು ಮುಚ್ಚಿತು. ಆದರೆ ಗಾಂಜಾಕ್ಕೆ ವಾಸನೆಯಿದೆ, ಮೂಟೆಯಿದೆ, ಸಾಗಿಸಲು ವಾಹನ ಬೇಕು. ಲೆಕ್ಕ ತಪ್ಪಿಸಿದ್ದು ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತು. ಕಾನೂನಿನ ಪ್ರಕಾರ ಗಾಂಜಾದ ‘ವಾಣಿಜ್ಯ ಪ್ರಮಾಣ’, ಅಂದರೆ ಮೀರಿದರೆ ಅತಿ ಕಠಿಣ ಶಿಕ್ಷೆಯಾಗುವ ಮಿತಿ, 20 ಕಿಲೋ, ಎಂಡಿಎಂಎಯದು ಬರೀ 10 ಗ್ರಾಂ. ಅಷ್ಟು ಪುಡಿ ಪ್ಯಾಂಟಿನ ಜೇಬಿನಲ್ಲಿ ಹಿಡಿಯುತ್ತದೆ. ಮಾರುವವನಿಗೆ ಪಬ್ಬೂ ಬೇಡ, ರಾತ್ರಿಯೂ ಬೇಡ. ದೇರಳಕಟ್ಟೆಯದೋ ಮಣಿಪಾಲದ್ದೋ ಒಂದು ಪಿಜಿ ಕೋಣೆ, ಒಂದು ಮೊಬೈಲ್ ಸಾಕು.

ಈ ದಾರಿ ಎಷ್ಟು ಉದ್ದ ಎಂಬುದು ಮಂಗಳೂರು ಪೊಲೀಸರ ಅಪರಾಧ ದಳವಾದ ಸಿಸಿಬಿಯ ಒಂದೇ ತನಿಖೆಯಲ್ಲಿ ಬಯಲಾಯಿತು. 2024ರಲ್ಲಿ ಪಂಪ್‌ವೆಲ್ ಬಳಿ ಒಬ್ಬನಲ್ಲಿ ಸಿಕ್ಕಿದ್ದು 15 ಗ್ರಾಂ ಎಂಡಿಎಂಎ. ಅವನಿಗೆ ಕೊಟ್ಟವರು ಯಾರು, ಅವರಿಗೆ ಕೊಟ್ಟವರು ಯಾರು ಎಂದು ಬೆನ್ನುಹತ್ತಿದ ಪೊಲೀಸರು 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಹಿಡಿದರು. ಸಿಕ್ಕಿದ್ದು 37 ಕಿಲೋಗೂ ಹೆಚ್ಚು. ಪೊಲೀಸರು ಹೇಳಿದ ಬೆಲೆ 75 ಕೋಟಿ ರೂಪಾಯಿ. ಅದಕ್ಕೂ ಮೊದಲು, 2023ರ ಜನವರಿಯಲ್ಲಿ, ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳೇ ಗಾಂಜಾ ಪ್ರಕರಣದಲ್ಲಿ ಬಂಧಿತರಾಗಿದ್ದರು. ‘ಓದುವ ಮಕ್ಕಳು ಹಾಗಲ್ಲ’ ಎನ್ನುತ್ತಿದ್ದ ಮನೆಗಳಿಗೆ ಬಿಸಿ ತಟ್ಟಿದ್ದು ಆಗಲೇ.

ಹದಿಹರೆಯದವರ ವಿಷಯದಲ್ಲಿ ಕಾನೂನು ಮಾರುವವನ ಮೇಲೆ ಕಠಿಣ: ಮಕ್ಕಳಿಗೆ ಮಾದಕವಸ್ತು ಕೊಟ್ಟರೆ ಅಥವಾ ಅವರ ಕೈಯಲ್ಲಿ ಸಾಗಿಸಿದರೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು. ಸೇವಿಸಿದವನಿಗೆ ಬೇರೆಯದೇ ದಾರಿಯಿದೆ. ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪೂರ್ತಿ ಪಡೆದರೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು. ‘ಗಾಂಜಾ ಸೇವನೆ ದೃಢ’ ಎಂಬ ಪೊಲೀಸ್ ಪ್ರಕಟಣೆಯನ್ನು ಓದಿದಷ್ಟು ಜನ ಈ ಕಲಮಿನ ಹೆಸರು ಕೇಳಿರಲಾರರು. ಮಗ ಸಿಕ್ಕಿಬಿದ್ದಾಗ ಅಪ್ಪ ಮೊದಲು ಹುಡುಕುವುದು ವಕೀಲರನ್ನು. ಡಾಕ್ಟರ ಸರದಿ ಬರುವುದು ಜಾಮೀನಾದ ಮೇಲೆ, ಅದೂ ಗುರುತಿನವರು ಯಾರೂ ಇಲ್ಲದ ಊರಿನಲ್ಲಿ.