ಅಳವಡಿಕೆ: ಎಐ ತಂದಿಟ್ಟರೆ ಆಯಿತೇ?

‘ಎಐ ಅಳವಡಿಕೆ’ ಎಂಬ ಜೋಡಿಪದ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಈಗ ಮಾಮೂಲು. ಇಂಗ್ಲಿಷಿನವರಿಗೆ ಮಗುವನ್ನು ದತ್ತು ಪಡೆಯುವುದೂ ಅಡಾಪ್ಷನ್, ಹೊಸ ತಂತ್ರಜ್ಞಾನ ತರುವುದೂ ಅಡಾಪ್ಷನ್. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇರುವುದು ಒಳ್ಳೆಯದೇ ಆಯಿತು. ಅಳವು ಎಂದರೆ ಅಳತೆ, ಶಕ್ತಿ. ಅಳವಡು ಎಂದರೆ ಸರಿಹೊಂದು. ತಂದಿಟ್ಟದ್ದು ನಮ್ಮ ಕೆಲಸದ ಅಳತೆಗೆ ಕೂತಿತೇ ಎಂಬ ಪ್ರಶ್ನೆ ಪದದ ಒಳಗೇ ಇದೆ.

ಬೆಂಗಳೂರಿನ ಪೀಣ್ಯದಲ್ಲಿ ಜಾಬ್‌ವರ್ಕ್, ಅಂದರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ, ಮಾಡುವ ಹತ್ತು ಜನರ ವರ್ಕ್‌ಶಾಪ್ ಒಂದನ್ನು ಊಹಿಸಿಕೊಳ್ಳಿ. ತಯಾರಾದ ಬಿಡಿಭಾಗದಲ್ಲಿ ಗೀರು, ಬಿರುಕು ಇದೆಯೇ ಎಂದು ನೋಡಲು ಎಐ ಕ್ಯಾಮೆರಾ ತರಬಹುದು. ಆದರೆ ಅದಕ್ಕೆ ಕಲಿಸಲು ಕೆಟ್ಟ ಪೀಸುಗಳ ಫೋಟೋ ಬೇಕು. ಕೆಟ್ಟ ಪೀಸು ಅಂದಂದೇ ಗುಜರಿ ಡಬ್ಬಿ ಸೇರಿದೆ. ಯಾವ ಲೇತಿನದು, ಯಾಕೆ ಕೆಟ್ಟಿತು ಎಂಬುದು ಹಳೇ ಮೇಸ್ತ್ರಿಯ ತಲೆಯಲ್ಲಿದೆ, ಹೆಚ್ಚೆಂದರೆ ಒಂದು ನೋಟ್‌ಬುಕ್ಕಿನಲ್ಲಿ. ಜೊತೆಗೆ ಕಣ್ಣಳತೆಯಲ್ಲೇ ಪೀಸು ನೋಡುವ ಹುಡುಗನ ಸಂಬಳ ಕಡಿಮೆ. ಕ್ಯಾಮೆರಾದ ಖರ್ಚು ಹುಟ್ಟುವುದು ಯಾವಾಗ? ಮಾಲೀಕ ಬೇಡವೆಂದರೆ ಅದನ್ನು ಹಿಂದುಳಿದಿರುವಿಕೆ ಎನ್ನಲಾರೆ, ಅದು ಲೆಕ್ಕಾಚಾರ.

ಸರ್ಕಾರದ ಕೈ ಇಲ್ಲಿಗೆ ಮುಟ್ಟುವುದು ಕಷ್ಟ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾ ಎಐ ಮಿಷನ್‌ಗೆ ಸುಮಾರು 10,372 ಕೋಟಿ ರೂಪಾಯಿ ಒಪ್ಪಿತು. ಅದರ ದೊಡ್ಡ ಪಾಲು ಗಣಕಶಕ್ತಿಗೆ, ಅಂದರೆ ಜಿಪಿಯು ಚಿಪ್ಪುಗಳಿಗೆ. ಎಐ ಕಟ್ಟುವವರಿಗೆ ಅದು ಬೇಕೇ ಬೇಕು. ನೋಟ್‌ಬುಕ್ಕಿನ ವರ್ಕ್‌ಶಾಪಿಗೆ ಇರುವ ಕೊರತೆ ಚಿಪ್ಪಿನದಲ್ಲ, ದಾಖಲೆಯದು.

ತಂದಿಟ್ಟದ್ದು ಕೆಲಸಕ್ಕೆ ಹೊಂದಿ ಕೂರದಿರುವುದು ಬಡ ದೇಶಗಳ ರೋಗ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಶುರುವಾದದ್ದು 1882ರಲ್ಲಿ; ಕಾರ್ಖಾನೆಗಳಿಗೆ ಅದರ ಪೂರಾ ಲಾಭ ಕಂಡದ್ದು 1920ರ ದಶಕದಲ್ಲಿ. ಕಾರಣವನ್ನು ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಬಿಡಿಸಿಟ್ಟರು. ಮೊದಮೊದಲು ಉಗಿಯಂತ್ರ ತೆಗೆದು ಆ ಜಾಗಕ್ಕೆ ಮೋಟಾರು ಕೂರಿಸಿದರು, ಅಷ್ಟೇ. ಚಾವಣಿಯ ಉದ್ದಕ್ಕೂ ಹಾದ ಶಾಫ್ಟು, ಅದರಿಂದಿಳಿದ ಬೆಲ್ಟುಗಳು ಹಾಗೇ ಉಳಿದವು. ಒಂದೊಂದು ಯಂತ್ರಕ್ಕೂ ತನ್ನದೇ ಮೋಟಾರು ಬಂದು, ಕಟ್ಟಡವೇ ಬದಲಾದ ಮೇಲೆ ಉತ್ಪಾದನೆ ಏರಿತು. ನಡುವಿನ ನಲವತ್ತು ವರ್ಷ ವಿದ್ಯುತ್ ಇತ್ತು, ಅಳವಡಿಕೆ ಅರೆಬರೆ.

ತಟ್ಟನೆ ಕೂತದ್ದೂ ಉಂಟು. 2016ರಲ್ಲಿ ಬಂದ ಯುಪಿಐ ನೋಡಿ. ತರಕಾರಿ ಗಾಡಿಯವರು ಒಂದು ಸ್ಟಿಕ್ಕರ್ ಅಂಟಿಸಿದರು, ವ್ಯಾಪಾರದ ರೀತಿ ಬದಲಿಸಬೇಕಾಗಲಿಲ್ಲ.

ಎಐ ಕೂಡ ಸಣ್ಣ ಉದ್ದಿಮೆಗಳಿಗೆ ಹೀಗೇ ನುಸುಳುತ್ತಿದೆ, ಹಿಂಬಾಗಿಲಿನಿಂದ. ಲೆಕ್ಕ ಬರೆಯುವಾಕೆ ಬಾಕಿ ವಸೂಲಿಗೆಂದು ಗಿರಾಕಿಗೆ ಕಳಿಸುವ ಇಂಗ್ಲಿಷ್ ಇಮೇಲನ್ನು ತನ್ನದೇ ಮೊಬೈಲಿನಲ್ಲಿ ಚಾಟ್‌ಜಿಪಿಟಿಯಿಂದ ಬರೆಸುತ್ತಾಳೆ. ‘ನೀವು ಎಐ ಬಳಸುತ್ತೀರಾ’ ಎಂದು ಸಮೀಕ್ಷೆಯವರು ಕೇಳಿದರೆ ಮಾಲೀಕ ಇಲ್ಲ ಅನ್ನುತ್ತಾನೆ, ಅದೂ ಸುಳ್ಳಲ್ಲ. ಅಳವಡಿಸಿಕೊಂಡದ್ದು ಅವಳು, ಕಂಪನಿಯಲ್ಲ; ಅವಳು ಕೆಲಸ ಬಿಟ್ಟ ದಿನ ಎಐ ಕೂಡ ಅವಳ ಬ್ಯಾಗಿನಲ್ಲೇ ಹೊರಡುತ್ತದೆ.