ದಿಂಬು ಬಿಟ್ಟರೆ ಕುತ್ತಿಗೆ ನೋವು ಹೋಗುತ್ತದೆಯೇ?

"ದಿಂಬು ಬಿಟ್ಟು ತಿಂಗ್ಳಾತು, ನೋವು ಕಡ್ಮೆ ಆಜಿಲ್ಲೆ." ಶಿರಸಿ ಕಡೆ ಫಿಸಿಯೋಥೆರಪಿ ಮಾಡುವ ನನಗೆ ಇದು ತೀರಾ ಪರಿಚಿತ ಮಾತು. ಚಳಿಗಾಲದಲ್ಲಿ ಅಡಿಕೆ ಸುಲಿಯುವಾಗ ಇನ್ನೂ ಜಾಸ್ತಿ. ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ತಲೆ ಬಗ್ಗಿಸಿ ಕೂತರೆ ಕುತ್ತಿಗೆ ಹಿಡಿಯದೆ ಇರುತ್ತದೆಯೇ? ಆದರೆ ಬೈಗುಳ ಮಾತ್ರ ದಿಂಬಿಗೆ.

ಮಗ್ಗುಲಾಗಿ ಮಲಗುವವರು ದಿಂಬು ಬಿಡಲೇಬಾರದು. ಕಿವಿಗೂ ಹಾಸಿಗೆಗೂ ನಡುವೆ ಭುಜದಷ್ಟು ಜಾಗ ಖಾಲಿ ಇರುತ್ತದೆ. ಅದನ್ನು ತುಂಬದಿದ್ದರೆ ತಲೆ ರಾತ್ರಿಯಿಡೀ ಕೆಳಕ್ಕೆ ವಾಲುತ್ತದೆ. ಕತ್ತಿನ 7 ಮೂಳೆಗಳ ಸಂದುಗಳು ಒಂದು ಕಡೆ ಒತ್ತಿಕೊಳ್ಳುತ್ತವೆ, ಇನ್ನೊಂದು ಕಡೆಯ ಸ್ನಾಯು ಎಳೆಯುತ್ತದೆ.

ಎಷ್ಟು ಎತ್ತರದ ದಿಂಬು ಬೇಕು ಅನ್ನುವುದನ್ನು ನಿಮ್ಮ ಭುಜ ಮತ್ತು ಹಾಸಿಗೆ ಹೇಳುತ್ತವೆ, ಅಂಗಡಿಯವನಲ್ಲ. ಅಗಲ ಭುಜದವರಿಗೆ ಎತ್ತರದ್ದು. ನೆಲದ ಮೇಲೆ ಚಾಪೆ ಹಾಸಿದರೆ ಭುಜ ಒಳಗೆ ಇಳಿಯುವುದಿಲ್ಲ, ಆಗ ಇನ್ನೂ ಸ್ವಲ್ಪ ಎತ್ತರ ಬೇಕು. ಮೆತ್ತನೆ ಹಾಸಿಗೆಯಲ್ಲಿ ಭುಜ ಹುಗಿಯುತ್ತದೆ, ಕಡಿಮೆ ಸಾಕು. ಬೆಂಗಳೂರಿನ ಮಗನ ಮನೆಗೆ ದಿಂಬು ಹೊತ್ತುಕೊಂಡು ಹೋದರೂ ಕುತ್ತಿಗೆ ಹಿಡಿಯುವುದು ಇದಕ್ಕೇ.

ಸಾವಿರಾರು ರೂಪಾಯಿ ಕೊಡುವ ಮೊದಲು ಹೀಗೆ ಮಾಡಿ. ತೆಳು ದಿಂಬಿನ ಮೇಲೆ ಟವೆಲ್ ಮಡಚಿ ಇಡಿ. ನೀವು ಮಗ್ಗುಲಾಗಿ ಮಲಗಿದಾಗ ಮನೆಯವರಿಂದ ಬೆನ್ನ ಹಿಂದೆ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆಸಿ. ತಲೆ, ಕತ್ತು, ಬೆನ್ನು ಒಂದೇ ಗೆರೆಯಲ್ಲಿ ಇವೆಯೇ ನೋಡಿ. ಇಲ್ಲವೆಂದರೆ ಒಂದು ಮಡಿಕೆ ಸೇರಿಸಿ ಅಥವಾ ತೆಗೆಯಿರಿ. ಸರಿ ಕಂಡ ಎತ್ತರದಲ್ಲಿ ಒಂದು ವಾರ ಮಲಗಿ ನೋಡಿ. ಮೊಣಕಾಲುಗಳ ನಡುವೆ ಇನ್ನೊಂದು ದಿಂಬಿದ್ದರೆ ಸೊಂಟಕ್ಕೂ ಆರಾಮ.

ಅಂಗಾತ ಮಲಗುವವರಿಗೆ ತೆಳು ದಿಂಬು ಸಾಕು. ಗಲ್ಲ ಎದೆಗೆ ತಾಗುವ ಹಾಗಿದ್ದರೆ ಅದು ಎತ್ತರವಾಯಿತು ಅಂತಲೇ. ಬೋರಲು ಮಲಗುವುದು ನನಗೆ ಇಷ್ಟವಿಲ್ಲ. ಉಸಿರಾಡಲು ಕತ್ತನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿಡಬೇಕಲ್ವಾ? ಬಿಡಲಾಗದಿದ್ದರೆ ತಲೆದಿಂಬನ್ನು ತೆಗೆದು ಹೊಟ್ಟೆಯ ಕೆಳಗೆ ಇಟ್ಟುಕೊಳ್ಳಿ.

ಬೂರುಗದ ಹತ್ತಿಯ ದಿಂಬು ಕೆಟ್ಟದ್ದೇನಲ್ಲ. ಆದರೆ ನಮ್ಮ ಮಳೆಗಾಲದ ಥಂಡಿಗೆ ಗಂಟು ಕಟ್ಟುತ್ತದೆ, ಮುಗ್ಗಲು ಬರುತ್ತದೆ. ಬಿಸಿಲು ಬಿದ್ದ ದಿನ ಒಣಗಿಸಿ. ನಡುವೆ ಗುಂಡಿ ಬಿದ್ದಿದ್ದರೆ ಹತ್ತಿ ಹಿಂಜಿಸಿ, ಇಲ್ಲವೇ ಬದಲಿಸಿ.

ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ, ನಡೆಯುವಾಗ ತೂರಾಡಿದರೆ ದಿಂಬು ಬದಲಿಸುತ್ತ ಕೂರಬೇಡಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಏಳುವ ರೀತಿಯ ಬಗ್ಗೆ ಯಾರೂ ಕೇಳುವುದೇ ಇಲ್ಲ. ಮಲಗಿದಾಗ ಬೆನ್ನಿನ ಡಿಸ್ಕ್‌ಗಳು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು, ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು 1ರಿಂದ 2 ಸೆಂಟಿಮೀಟರ್ ಎತ್ತರ ಇರುವುದೂ ಹೀಗೇ. ಆಗ ಬಗ್ಗಿದರೆ ಡಿಸ್ಕ್ ಮೇಲೆ ಒತ್ತಡ ಜಾಸ್ತಿ. ಹಾಗಾಗಿ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಿ. ಸೊಂಟ ನೋವಿದ್ದವರು ಅಂಗಳ ಗುಡಿಸುವುದು, ಸಗಣಿ ಬಾಚುವುದು ಎಲ್ಲವನ್ನೂ ಒಂದು ತಾಸು ಮುಂದೆ ಹಾಕಿ. ಹಾಲು ಕರೆಯುವುದು ಕಾಯುವುದಿಲ್ಲ, ಅದಕ್ಕೆ ಕುಕ್ಕರುಗಾಲು ಬಿಟ್ಟು ಸಣ್ಣ ಮಣೆ ಹಾಕಿಕೊಳ್ಳಿ.